ಆಕರದ ಹೆಸರು, ಆಕರದ ನೆಲೆ



ಶ್ರೀಮದಾಚಾರ್ಯರು ತಮ್ಮ ಗ್ರಂಥಗಳಲ್ಲಿ ಪ್ರಮಾಣವಾಕ್ಯವನ್ನು ಉದ್ಧರಿಸಿದಾಗ ಬಹುತೇಕ ಕಡೆ ಆಕರಗ್ರಂಥದ ಹೆಸರನ್ನೂ ಹೇಳಿದ್ದಾರೆ. ಬ್ರಹ್ಮತರ್ಕ ಅಂತಹ ಒಂದು ಹೆಸರು. ಆ ಗ್ರಂಥವು ಇಂದು ಸ್ವತಂತ್ರವಾಗಿ ದೊರೆಯುವುದಿಲ್ಲ. ಇಂತಹ ಆಕರಗಳ ಬಗ್ಗೆ 16ನೆಯ ಶತಮಾನದಲ್ಲಿಯೇ ಅಪ್ಪಯ್ಯ ದೀಕ್ಷಿತರು ಆಕ್ಷೇಪವೆತ್ತಿದರು. ಕುಂಭಕೋಣದ ಶ್ರೀ ವಿಜಯೀಂದ್ರತೀರ್ಥರು ಉತ್ತರಿಸಿದರು. ವಿಯೆನ್ನಾದ ವಿದ್ವಾಂಸ ರೋಕ್ ಮೆಸ್ಕಿಟಾ ಅವರು 1997ರಲ್ಲಿ ಜರ್ಮನ್ ಭಾಷೆಯಲ್ಲಿಯೂ 2000ದಲ್ಲಿ ಇಂಗ್ಲಿಷಿನಲ್ಲಿಯೂ ಪುಸ್ತಕ ಪ್ರಕಟಿಸಿ, ಆ ವಾಕ್ಯಗಳು ಆಚಾರ್ಯರದೇ ರಚನೆ ಎಂದು ವಾದಿಸಿದರು. ಡಾ. ಬಿ.ಎನ್.ಕೆ. ಶರ್ಮರು ಅದನ್ನು ಖಂಡಿಸಿ ಬರೆದರು. ಪಾಠವು ಕಂಠಸ್ಥವಾಗಿ ನಡೆಯುತ್ತಿದ್ದ ಕಾಲದಲ್ಲಿ ಕೇಳುಗನಿಗೆ ಗ್ರಂಥದ ಹೆಸರೇ ಸಾಕಾಗಿತ್ತು. ಓಲೆಗರಿಗಳು ಎಷ್ಟು ನಷ್ಟವಾದುವೋ ಬಲ್ಲವರಾರು?

ಇಂದಿನ ಸಂಶೋಧಕನಿಗೆ ಆ ಸೌಕರ್ಯವಿಲ್ಲ. 'ಬ್ರಹ್ಮತರ್ಕದಲ್ಲಿ ಹೀಗಿದೆ' ಎಂದು ಪ್ರಬಂಧದಲ್ಲಿ ಬರೆದರೆ, ತಾನು ಆ ಗ್ರಂಥವನ್ನು ಕಂಡಂತೆ ಸಾರಿದಂತಾಗುತ್ತದೆ. ಕಂಡದ್ದು ಭಾಗವತ ತಾತ್ಪರ್ಯ ನಿರ್ಣಯದಲ್ಲಿಯಾದರೆ, 'ಬ್ರಹ್ಮತರ್ಕದ ವಾಕ್ಯ, ಭಾಗವತ ತಾತ್ಪರ್ಯ ನಿರ್ಣಯದಲ್ಲಿ ಉದ್ಧೃತ' ಎಂದು ಬರೆದು, ಸ್ಕಂಧ, ಅಧ್ಯಾಯ, ಶ್ಲೋಕ, ಸಂಪಾದಕರು, ಪ್ರಕಾಶಕರು, ಮುದ್ರಣದ ವರ್ಷ, ಪುಟ ಇಷ್ಟನ್ನೂ ಕೊಡಬೇಕು. ಅದನ್ನೂ ನೋಡದೆ ಬೇರೊಬ್ಬರ ಪುಸ್ತಕದಿಂದ ಎತ್ತಿಕೊಂಡಿದ್ದರೆ ಆ ಪುಸ್ತಕದ ಹೆಸರನ್ನೇ ಹೇಳಬೇಕು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಅವರ ಪುಸ್ತಕದಲ್ಲಿದ್ದ ಅಚ್ಚಿನ ತಪ್ಪು ಇವರ ಪ್ರಬಂಧಕ್ಕೂ ಇಳಿದುಬಂದಾಗಲೇ ನಿಜವಾದ ನಾಚಿಕೆ! ಮುದ್ರಣದ ವರ್ಷವೇಕೆ ಎಂದು ಕೆಲವರು ಕೇಳುವುದುಂಟು. ರೈಲ್ವೆ ಸೇತುವೆಯ ನಕ್ಷೆಯಲ್ಲಿ ಸಂಖ್ಯೆಯೊಡನೆ ಎಷ್ಟನೆಯ ತಿದ್ದುಪಡಿ ಎಂಬುದನ್ನೂ ಬರೆದಿರುತ್ತಾರೆ. ಹಳೆಯ ನಕ್ಷೆ ಹಿಡಿದು ಕಟ್ಟಿದರೆ ಗರ್ಡರು ಕೂರುವುದಿಲ್ಲ. ಗ್ರಂಥದಲ್ಲಿಯೂ ಹಾಗೆಯೇ, ಒಂದು ಮುದ್ರಣದ 40ನೆಯ ಪುಟ ಇನ್ನೊಂದರಲ್ಲಿ 52 ಆಗಬಹುದು, ಪಾಠಭೇದವೂ ಇರಬಹುದು.

ಈ ಶ್ರಮಕ್ಕೆ ಮಾದರಿ ಚೆನ್ನೈಯಲ್ಲಿಯೇ ಇದೆ. ಮದರಾಸು ವಿಶ್ವವಿದ್ಯಾನಿಲಯವು 1935ರಲ್ಲಿ ಕೈಗೊಂಡ, ಡಾ. ವಿ. ರಾಘವನ್ ಅವರು ದಶಕಗಳ ಕಾಲ ದುಡಿದ 'ನ್ಯೂ ಕ್ಯಾಟಲಾಗಸ್ ಕ್ಯಾಟಲೋಗೋರಮ್' ಎಂಬ ಬೃಹತ್ ಸೂಚಿಯ ಮೊದಲ ಸಂಪುಟ 1949ರಲ್ಲಿ ಹೊರಬಂದಿತು. ಯಾವ ಸಂಸ್ಕೃತ ಕೃತಿಯ ಹಸ್ತಪ್ರತಿ ಯಾವ ಭಂಡಾರದಲ್ಲಿದೆ ಎಂಬುದನ್ನು ಅದು ತಿಳಿಸುತ್ತದೆ. ಪ್ರತಿಯೇ ಸಿಗದೆ, ಬೇರೆ ಗ್ರಂಥದಲ್ಲಿನ ಉಲ್ಲೇಖದಿಂದಷ್ಟೇ ತಿಳಿದ ಕೃತಿಯಾದರೆ, ಅದು ಎಲ್ಲಿ ಉಲ್ಲೇಖಿತವಾಗಿದೆ ಎಂಬುದನ್ನು ದಾಖಲಿಸುತ್ತದೆ. ಪ್ರಬಂಧಕ್ಕೆ ತೊಡಗಿರುವ ಇಲ್ಲಿಯ ಯುವಕ ಯುವತಿಯರು ಒಂದು ದಿನ ಬಿಡುವು ಮಾಡಿಕೊಂಡು ಆ ಸಂಪುಟಗಳನ್ನು ತೆರೆದು, ತಾವು ಉದ್ಧರಿಸಲಿರುವ ಗ್ರಂಥದ ಹೆಸರಿನೆದುರು ಏನು ಬರೆದಿದೆ ಎಂದು ನೋಡಲಿ.