ಬೀದಿಗೆ ತೆರೆದಿಟ್ಟ ಬಾಗಿಲು
(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ನಿಮ್ಮಲ್ಲಿ ಹಲವರ ತಂದೆಯೋ ಅಣ್ಣನೋ ಗಲ್ಫ್‌ನಲ್ಲಿ ದುಡಿಯುತ್ತಿರಬಹುದು. ಊರಿನ ಮನೆಯ ಕ್ಯಾಮೆರಾವನ್ನು ಅಲ್ಲಿಂದಲೇ ನೋಡಬೇಕು, ಇಂಟರ್ನೆಟ್ ಕೆಟ್ಟರೆ ಅಲ್ಲಿಂದಲೇ ಸರಿಪಡಿಸಬೇಕು ಎಂಬ ಆಸೆ ಸಹಜ. ಅದಕ್ಕಾಗಿ ಮನೆಯ ರೂಟರ್‌ಗೆ ಹೊರಗಿನಿಂದ ಲಾಗಿನ್ ಆಗುವ ವ್ಯವಸ್ಥೆ ಮಾಡುತ್ತೇವೆ. ಮನೆಗೂ ಇಂಟರ್ನೆಟ್‌ಗೂ ನಡುವೆ ಕಾವಲು ನಿಂತಿರುವ ಫೈರ್‌ವಾಲ್ ಇರುವುದು ಅದರಲ್ಲೇ. ಹಾಗೆ ತೆರೆದ ಬಾಗಿಲು ನಮಗೆ ಮಾತ್ರವಲ್ಲ, ಇಡೀ ಲೋಕಕ್ಕೆ ಕಾಣುತ್ತದೆ.

"ನಮ್ಮಂಥ ಸಾಮಾನ್ಯರ ಮನೆಗೆ ಯಾರು ನುಗ್ಗುತ್ತಾರೆ?" ಎಂದು ನೀವು ಕೇಳಬಹುದು. ಬಾಗಿಲು ತಟ್ಟುವುದು ಮನುಷ್ಯನಲ್ಲ, ಯಂತ್ರ. ಅದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಹಗಲಿರುಳು ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುತ್ತಿರುತ್ತದೆ. 2016ರಲ್ಲಿ ಹರಡಿದ 'ಮಿರಾಯ್' ಎಂಬ ದುಷ್ಟ ತಂತ್ರಾಂಶದ ಬಳಿ ಇದ್ದದ್ದು ಕಂಪನಿಯವರು ಮೊದಲೇ ಇಟ್ಟು ಕಳಿಸುವ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳು ಮಾತ್ರ. ಅಷ್ಟರಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳು ಅದರ ವಶವಾದವು. ಆ ವರ್ಷದ ಅಕ್ಟೋಬರ್ 21ರಂದು ಅವು ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಒಟ್ಟಾಗಿ ಮುಗಿಬಿದ್ದಾಗ ಟ್ವಿಟರ್‌ನಂಥ ದೊಡ್ಡ ತಾಣಗಳೂ ಹಲವರಿಗೆ ಸಿಗದಂತಾದವು. ನಿಮ್ಮ ಅಜಾಗರೂಕತೆ ಇನ್ನೊಬ್ಬರ ಹಾನಿಗೂ ಕಾರಣವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದಾಗಿ, ರೂಟರ್‌ನ 'ರಿಮೋಟ್ ಮ್ಯಾನೇಜ್‌ಮೆಂಟ್' ಅನ್ನು ಮುಚ್ಚಿರಿ. ಇಲ್ಲದ ಬಾಗಿಲನ್ನು ಯಾರೂ ಒಡೆಯಲಾರರು.

ಎರಡನೆಯದಾಗಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿರಿ. ಹೊಸದು ಉದ್ದವಾಗಿರಲಿ, ಬೇರೆಲ್ಲೂ ಬಳಸದ್ದಾಗಿರಲಿ. ರೂಟರ್‌ನ ತಂತ್ರಾಂಶವನ್ನು ಆಗಾಗ ಅಪ್‌ಡೇಟ್ ಮಾಡಿರಿ.

ಮೂರನೆಯದಾಗಿ, ದೂರದಿಂದ ಪ್ರವೇಶ ಬೇಕೇಬೇಕಾದರೆ ವಿಪಿಎನ್ ಮೂಲಕ ಬನ್ನಿರಿ. ಉದಾಹರಣೆಗೆ ವೈರ್‌ಗಾರ್ಡ್, ಸರಿಯಾದ ಕೀಲಿ ಇಲ್ಲದವನು ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ. ಕ್ಯಾಮೆರಾವನ್ನೂ ಅದರೊಳಗಿನಿಂದಲೇ ನೋಡಬಹುದು.

ಎಸ್‌ಎಸ್‌ಎಚ್ ಬಳಸುವ ವಿದ್ಯಾರ್ಥಿಗಳು ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀಲಿಯಿಂದ ಮಾತ್ರ ಪ್ರವೇಶ ಕೊಡಿರಿ. ಪೋರ್ಟ್ 22 ಬದಲಿಸಿದರೆ ತಟ್ಟುವ ಸದ್ದು ಕಡಿಮೆಯಾದೀತು, ಅಪಾಯ ತಪ್ಪದು. ಪದೇ ಪದೇ ತಪ್ಪುವ ವಿಳಾಸವನ್ನು ತಡೆಹಿಡಿಯುವುದು ಒಳ್ಳೆಯದೇ, ಆದರೆ ದಾಳಿ ಸಾವಿರ ವಿಳಾಸಗಳಿಂದ ಬಂದರೆ ಅದೊಂದೇ ಸಾಲದು.

ಈ ಬದಲಾವಣೆಗಳನ್ನೆಲ್ಲ ಮನೆಯಲ್ಲಿ ಕುಳಿತೇ ಮಾಡಿರಿ. ದೂರದಿಂದ ಮಾಡಹೊರಟು ನೀವೇ ಹೊರಗುಳಿದೀರಿ! ಬಳಿಕ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಪರೀಕ್ಷಿಸಿರಿ.

ಬೀಗ ಎಷ್ಟು ಗಟ್ಟಿ ಎಂದು ಕೇಳುವ ಮೊದಲು, ಬಾಗಿಲು ಬೀದಿಗೆ ಇರಲೇಬೇಕೇ ಎಂದು ಕೇಳಿಕೊಳ್ಳಿರಿ. ಇಂದು ಸಂಜೆ ಮನೆಗೆ ಹೋದೊಡನೆ ನಿಮ್ಮ ರೂಟರನ್ನೊಮ್ಮೆ ತೆರೆದು ನೋಡಿದರೆ ನನ್ನ ಮಾತು ಸಾರ್ಥಕ.