ಹುಳಿ ಮಣ್ಣಿನ ಕೈತೋಟಕ್ಕೆ ಸುಣ್ಣ



ಮಲೆನಾಡು ಮತ್ತು ಕರಾವಳಿಯ ಭಾರಿ ಮಳೆಗೆ ಮಣ್ಣಿನಲ್ಲಿರುವ ಸುಣ್ಣದ ಅಂಶ ಮತ್ತು ಮೆಗ್ನೀಸಿಯಂ ಬಸಿದುಹೋಗಿ ಮಣ್ಣು ಹುಳಿಯಾಗುತ್ತದೆ. ವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿದರೂ ಕೈತೋಟದ ಬೆಳೆ ಸೊರಗಲು ಇದೂ ಒಂದು ಕಾರಣ. ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಕಾಯಿಗೆ ಸುಣ್ಣದ ಅಂಶ ಸಾಲದ ಗುರುತು. ನೀರು ಏರುಪೇರಾದರೂ ಹೀಗಾಗುತ್ತದೆ. ಹಳೆಯ ಎಲೆಗಳ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆಯಿರಬಹುದು.

ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಹುಳಿ ಮಣ್ಣಿನಲ್ಲಿ ಎರಡೂ ಅಂಶ ಕಡಿಮೆಯಿದ್ದರೆ ಡೋಲೊಮೈಟ್ ಪುಡಿ ಒಳ್ಳೆಯದು. ಮೆಗ್ನೀಸಿಯಂ ಸಾಕಷ್ಟಿದ್ದರೆ ಕೃಷಿ ಸುಣ್ಣವೇ ಸಾಕು. ವರದಿಯಲ್ಲಿ ಹೇಳಿದಷ್ಟನ್ನು ನಾಟಿಗೆ ಎರಡು-ಮೂರು ವಾರ ಮೊದಲೇ ಮಣ್ಣಿಗೆ ಬೆರೆಸಿರಿ. ಸುಣ್ಣವನ್ನು ಹಸಿ ಸಗಣಿಯೊಡನೆ ಬೆರೆಸಿದರೆ ಸಾರಜನಕ ಆವಿಯಾಗಿ ನಷ್ಟವಾಗುತ್ತದೆ. ಆದುದರಿಂದ ಗೊಬ್ಬರವನ್ನು ಆಮೇಲೆ ಹಾಕಿರಿ. ಬಯಲುಸೀಮೆಯ ಸುಣ್ಣ ತುಂಬಿದ ಕಪ್ಪು ಮಣ್ಣಿಗೆ ಈ ಉಪಚಾರ ಸಲ್ಲದು.