ಮಾರಾಟಕ್ಕೆ ಸಾಕಿದ ನಾಯಿಗೆ ಓಡಾಟ ಬೇಕು

ಬೀಜ ಗೊಬ್ಬರದ ಮಾತು ಹೇಳುವವನು ಇಂದು ನಾಯಿಯ ಮಾತು ಏಕೆ ತೆಗೆದ ಎಂದು ನೀವು ಕೇಳಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತ ಎಷ್ಟೋ ರೈತರಿಗೆ ಮುಧೋಳ ನಾಯಿಯ ಮರಿ ಮಾರುವುದು ಒಂದು ಉಪಕಸುಬಾಗಿದೆ. 2005ರಲ್ಲಿ ಈ ತಳಿಯ ಚಿತ್ರದ ಅಂಚೆ ಚೀಟಿ ಹೊರಬಂದಿತು. ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವೂ ಇದೆ. ಆದ್ದರಿಂದ ಈ ಕಸುಬಿನ ಬಗ್ಗೆ ನಾಲ್ಕು ಮಾತು.

ಹೋದ ಸಲ ಒಬ್ಬ ರೈತರ ಮನೆಗೆ ಹೋಗಿದ್ದೆ. ಕೊಟ್ಟಿಗೆಯ ಪಕ್ಕದಲ್ಲಿ ನಾಲ್ಕು ನಾಯಿಗಳನ್ನು ಗೂಟಕ್ಕೆ ಕಟ್ಟಿದ್ದರು. ಹಾಲು, ರೊಟ್ಟಿ, ಮೊಟ್ಟೆ ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ಗೂಟದ ಸುತ್ತ ನೆಲ ಸವೆದು ಬಳೆಯಂತೆ ಗುಂಡಗೆ ಗೆರೆ ಬಿದ್ದಿತ್ತು. ಉಗುರು ಬೆಳೆದಿದ್ದವು, ಹಿಂಗಾಲ ತೊಡೆ ಸೊರಗಿದ್ದವು.

“ಎಷ್ಟು ತಿನ್ನಾಕ ಹಾಕಿದ್ರೂ ಮೈಗೆ ಹತ್ತವಲ್ದು ಸಾಹೇಬ್ರ. ನೋಡಾಕ ಬಂದವರು ಹಂಗ ಹೋಗ್ತಾರ” ಎಂದರು ಯಜಮಾನರು.

“ದಿನಾ ಬಿಡ್ತೀರೇನ್ರಿ?”

“ಬಿಟ್ರ ಓಡಿ ಹೋಗ್ತಾವ್ರಿ.”

ತಪ್ಪು ಅಲ್ಲಿಯೇ ಇತ್ತು. ಆರು ತಿಂಗಳು ಕಟ್ಟಿಹಾಕಿದ ಎತ್ತನ್ನು ಮುಂಗಾರಿಗೆ ಹೂಡಿದರೆ ನಾಲ್ಕು ಸಾಲಿಗೇ ಏದುಸಿರು ಬಿಡುತ್ತದೆ, ಹೌದಲ್ಲವೇ? ನಾಯಿಯೂ ಹಾಗೆಯೇ. ಉದ್ದ ಕಾಲು, ಆಳವಾದ ಎದೆ, ಸಣ್ಣ ಸೊಂಟದ ಈ ಪ್ರಾಣಿ ಓಡಲೆಂದೇ ಹುಟ್ಟಿದ್ದು. ಕಟ್ಟಿದಲ್ಲೇ ಇದ್ದರೆ ಮೈಕಟ್ಟು ಕರಗುತ್ತದೆ, ಇಲ್ಲವೇ ಕೊಬ್ಬು ತುಂಬುತ್ತದೆ. ಕೊಬ್ಬಿದ ಹೆಣ್ಣು ನಾಯಿಗೆ ಈಯುವುದು ಕಷ್ಟ. ಹೊರಗಿನ ಜನ, ಸದ್ದು ಕಾಣದೆ ಬೆಳೆದ ಮರಿ ಅಂಜುಬುರುಕವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಹೊಲದ ಒಂದು ಮೂಲೆಗೆ ಎತ್ತರದ ಜಾಲರಿ ಬೇಲಿ ಹಾಕಿರಿ. ಮುಳ್ಳುತಂತಿ ಬೇಡ, ಈ ನಾಯಿಯ ಚರ್ಮ ತೆಳು, ಬೇಗ ಹರಿಯುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಒಮ್ಮೆ, ಸಂಜೆ ತಂಪಾದ ಮೇಲೆ ಒಮ್ಮೆ, ಕೊರಳಪಟ್ಟಿ ಹಾಕಿ ಅರ್ಧ ತಾಸು ನಡೆಸಿರಿ. ಆಮೇಲೆ ಬೇಲಿಯೊಳಗೆ ಮನಸಾರೆ ಓಡಲು ಬಿಡಿರಿ. ಹೊಟ್ಟೆತುಂಬ ತಿಂದ ಕೂಡಲೇ ಓಡಿಸಬಾರದು. ಸೈಕಲ್ಲಿಗೆ ಕಟ್ಟಿ ಎಳೆದೊಯ್ಯುವುದು ವ್ಯಾಯಾಮವಲ್ಲ, ಹಿಂಸೆ. ಮೊಲದ ಹಿಂದೆ ಬಿಡುವುದೂ ಬೇಡ. ಕಾಡುಪ್ರಾಣಿಯ ಬೇಟೆ ಕಾನೂನಿಗೆ ವಿರುದ್ಧ.

ಮರಿಗಳಿಗೆ ಆಟವೇ ಸಾಕು. ಎಲುಬು ಬಲಿಯುವ ತನಕ ದೂರದ ಓಟ ಬೇಡ. ಗಬ್ಬದ ನಾಯಿ ಸುಮಾರು 63 ದಿನಕ್ಕೆ ಈಯುತ್ತದೆ. ಅದನ್ನು ನಿಧಾನವಾಗಿ ನಡೆಸಿರಿ, ಕೊನೆಯ ವಾರಗಳಲ್ಲಿ ಓಟ ಜಿಗಿತ ನಿಲ್ಲಿಸಿರಿ. ಮರಿ ಹಾಕಿದ ತಾಯಿಯನ್ನೂ ದಿನಕ್ಕೆ ಕೆಲವು ಸಲ ಸ್ವಲ್ಪ ಹೊತ್ತು ಹೊರಗೆ ಬಿಡಿರಿ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರೆಯಬೇಡಿರಿ.

ಇನ್ನೊಂದು ಮಾತು. 2017ರ ಕೇಂದ್ರ ನಿಯಮದಂತೆ ನಾಯಿಮರಿ ಮಾರುವವರು ನೋಂದಣಿ ಮಾಡಿಸಬೇಕು. ವಿವರವನ್ನು ಪಶುವೈದ್ಯರಲ್ಲಿ ಕೇಳಿರಿ.

ಆ ರೈತರು ಬೇಲಿ ಹಾಕಿದರು. ಮೊನ್ನೆ ಹೋದಾಗ ಗೂಟದ ಸುತ್ತಲಿನ ಗೆರೆಯಲ್ಲಿ ಹುಲ್ಲು ಚಿಗುರಿತ್ತು. ನಾಯಿಗಳು ಮನೆಯಲ್ಲಿರಲಿಲ್ಲ, ಮೊಮ್ಮಗನೊಡನೆ ಹೊಲಕ್ಕೆ ಹೋಗಿದ್ದವು. ನಿಮ್ಮ ಮನೆಯಲ್ಲೂ ಹಾಗೆಯೇ ಆಗಲಿ.